ಬಿಳೀ ಗೌನಿನಾಕಿಯ ನಿಶ್ಶಕ್ತಿ

ಮಾರ್ಚ್ ೬, ಬುಧವಾರ. ಬೆಳಿಗ್ಗೆ.

ಇವತ್ತೂ ಅವ್ವ ಅರ್ಧ ರೊಟ್ಟಿ ಬಿಟ್ಟಳು. "ಈ ಜ್ವಾಳಕ್ಕ ರುಚೀನ ಇಲ್ಲವಾ." ಇಲ್ಲಿಯ ಇಂಡಿಯನ್ ಅಂಗಡಿಯಿಂದ ತಂದ ಹಿಟ್ಟಿನ ಪ್ಯಾಕೆಟ್ಟಿನ ಮೇಲೆ ವಿಜಯಪುರ ಎಂದೇ ಇದೆ, ತೋರಿಸಿದೆ. "ಬರ್ಯಾಕೇನ, ಏನರ ಬರೀತಾರ" ಎಂದಳು. ವಾದದಲ್ಲಿ ಅವ್ವನನ್ನು ಗೆದ್ದವರಿಲ್ಲ. ಅಪ್ಪ ಇರುವವರೆಗೂ ಗೆಲ್ಲಲಿಲ್ಲ, ಪಾಪ.

ಹೊಟ್ಟೆನೋವು ಬೇರೆ. ಬೆನ್ನಿಗೂ ಹೊಡೆಯುತ್ತದಂತೆ. ಸ್ಕ್ಯಾನ್ ಆಗಿದೆ, ಮುಂದಿನ ವಾರ ರಿಸಲ್ಟ್. ಗ್ಯಾಸ್ ಇರಬೇಕು.

ನಾನು ಹಣ್ಣು ವಿಂಗಡಿಸಿ ಡಬ್ಬಿ ತುಂಬುವ ಪ್ಯಾಕ್‌ಹೌಸಿಗೆ ಹೊರಡುವ ಹೊತ್ತಿಗೆ ಅಜ್ಜಿ-ಮೊಮ್ಮಗಳು ಸೋಫಾದ ಮೇಲೆ, ಟ್ಯಾಬ್ಲೆಟ್ಟಿನಲ್ಲಿ ಹಳೆಯ ಕಪ್ಪು-ಬಿಳುಪು ಹಾಲಿವುಡ್ ಪಿಕ್ಚರ್. ನಿಶಾಗೆ ಶಾಲೆಯ ಖಬರೇ ಇಲ್ಲ. ಜೂನ್‌ನಲ್ಲಿ ಸ್ಕೂಲ್ ಬಾಲ್, ದೊಡ್ಡ ಮಕ್ಕಳ ನೃತ್ಯಕೂಟ. ಗೌನು ತಾನೇ ಹೊಲಿಯುತ್ತಾಳಂತೆ — ಬಿಳಿ ಸ್ಯಾಟಿನ್, ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೈಗೆ ಹರಿಬಿಡುವ ಆ ಕಾಲದ ಪದ್ಧತಿ. ಗುರು ನಮ್ಮವ್ವ, ಹುಬ್ಬಳ್ಳಿ ಟೆಲಿಫೋನ್ ಎಕ್ಸ್‌ಚೇಂಜಿನ ನಿವೃತ್ತ ಆಪರೇಟರ್ ರತ್ನಪ್ರಭಾ. ಅವ್ವ ಮತ್ತು ಅವಳ ಗೆಳತಿ ಕಾತ್ಯಾಯಿನಿ ಪಕ್ಕಪಕ್ಕದ ಬೋರ್ಡಿನಲ್ಲಿ ಕೂತು ಜೀವಮಾನವಿಡೀ ರದ್ದಿ ಅಂಗಡಿಯ ಅಮೆರಿಕನ್ ಸಿನಿಮಾ ಪತ್ರಿಕೆ ಓದಿದವರು. ಡಿಕ್ಷನರಿ ಒಬ್ಬರ ತೊಡೆಯ ಮೇಲೆ, ಪತ್ರಿಕೆ ಇನ್ನೊಬ್ಬರ ತೊಡೆಯ ಮೇಲೆ.

ನಟಿಯರ ಹೆಸರಿಗೆ ನಾಲಿಗೆ ಹೊರಳುತ್ತಿರಲಿಲ್ಲವಂತೆ. ತಾವೇ ಇಟ್ಟುಕೊಂಡರು. ಬಿಳೀ ಗೌನಿನಾಕಿ. ಕರೇ ಗ್ಲೌಸಿನಾಕಿ. ಗಂಡಸರ ಪ್ಯಾಂಟಿನಾಕಿ. ಗಾಸಿಪ್ ಬರೆಯುವವಳು ಟೊಪಗಿ ಬಾಯಿ. ಯಾರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಅವ್ವನ ಮಸಾಲೆ, ಆ ಶಿವನಿಗೇ ಗೊತ್ತು.

"ಅಜ್ಜಿ, ಶೀ ಈಸ್ ಸೋ ಗಾರ್ಜಿಯಸ್" ಅಂತ ನಿಶಾ. "ಚೆಂದಕ್ಕೇನವಾ, ಉಣ್ಣಾಕ ಕೊಡ್ತಿದ್ದಿಲ್ಲ ಆಕಿಗೆ" ಅಂತ ಅವ್ವ. ಇಬ್ಬರನ್ನೂ ಗದರಿ ಬಂದೆ.

ಮಾರ್ಚ್ ೧೪, ಗುರುವಾರ. ಆಸ್ಪತ್ರೆಯ ಕಾರ್ ಪಾರ್ಕ್.

ನೀರಿನ ಬಾಟಲಿ ಕಾರಿನಲ್ಲಿ ಮರೆತೆ ಎಂದು ಹೇಳಿ ಬಂದೆ. ಅವ್ವ ಒಳಗೆ, ರಕ್ತ ಪರೀಕ್ಷೆಗೆ ಕಾಯುವವರ ಸಾಲಿನಲ್ಲಿ.

ಗ್ಯಾಸ್ ಅಲ್ಲ. ಪ್ಯಾಂಕ್ರಿಯಾಸ್ ಕ್ಯಾನ್ಸರ್. ಲಿವರಿಗೂ ಹರಡಿದೆ. ಆಪರೇಷನ್ ಮಾಡುವ ಹಾಗಿಲ್ಲ. ವರ್ಷಗಳ ಮಾತಲ್ಲ, ತಿಂಗಳುಗಳ ಮಾತು ಎಂದಳು ಡಾಕ್ಟರ್. ಚಿಕ್ಕ ಹುಡುಗಿ, ಒಳ್ಳೆಯವಳು. ಕುರ್ಚಿ ಎಳೆದುಕೊಂಡು ಅವ್ವನ ಮುಖ ನೋಡುತ್ತಲೇ ಮಾತಾಡಿದಳು. ಅವ್ವ ಇಂಗ್ಲಿಷ್ ಓದಬಲ್ಲಳು, ಇಲ್ಲಿಯವರು ಆಡುವ ಇಂಗ್ಲಿಷ್ ಮಾತ್ರ ಅವಳ ಕಿವಿಗೆ ಹತ್ತುವುದಿಲ್ಲ. ಹಲ್ಲಿನೊಳಗೇ ಮಾತಾಡುತ್ತಾರೆ ಅನ್ನುತ್ತಾಳೆ.

ಫೋನಿನಲ್ಲಿ ಕನ್ನಡ ದುಭಾಷಿ ಸಿಗುತ್ತಾರೆ, ಕರೆಯಲೇ ಎಂದು ಡಾಕ್ಟರ್ ಕೇಳಿದಳು. ಬೇಡ, ನಾನಿದ್ದೇನೆ ಅಂದೆ. ಈ ದೇಶದಲ್ಲಿ ಕನ್ನಡ ದುಭಾಷಿ ಎಂದರೆ ಯಾರು? ನಮ್ಮ ಕನ್ನಡ ಕೂಟದವರೇ ಯಾರೋ ಒಬ್ಬರು. ಗುಟ್ಟು ಬಿಟ್ಟುಕೊಡಬಾರದೆಂಬ ನಿಯಮ ಅವರಿಗಿದೆ, ಒಪ್ಪುತ್ತೇನೆ. ಬಾಯಿ ಬಿಡದಿದ್ದರೂ ಯುಗಾದಿ ಊಟದ ಸಾಲಿನಲ್ಲಿ ನಮ್ಮನ್ನು ನೋಡುವ ಆ ಕಣ್ಣು ಇರುತ್ತದಲ್ಲ. ಅದು ನನಗೆ ಬೇಡ.

ವಿವರವೆಲ್ಲ ತಿಳಿಯಬೇಕೆಂದು ನಿಮಗೆ ಅನ್ನಿಸುತ್ತದೆಯೇ ಎಂದು ಡಾಕ್ಟರ್ ಅವ್ವನನ್ನೇ ಕೇಳಿದಳು. ಅವ್ವ ನಕ್ಕು, "ಮೈ ಡಾಟರ್ ವಿಲ್ ಟೆಲ್, ಡಾಕ್ಟರ್" ಎಂದಳು.

ಮೈ ಡಾಟರ್ ಹೇಳಿದ್ದು ಇಷ್ಟು: "ನಿಶ್ಶಕ್ತಿ ಆಗೇತಂತ ಅವ್ವಾ. ಲಿವರ್ ಸ್ವಲ್ಪ ಬಾತೈತಂತ. ರೆಸ್ಟ್ ತಗೋಬೇಕಂತ."

ಕೊನೆಗೆ ಡಾಕ್ಟರ್ ಇನ್ನೊಂದು ಮಾತು ಸೇರಿಸಿದಳು. ಭಾರತಕ್ಕೆ ಹೋಗಿ ಬರುವ ಆಸೆ ಇದ್ದರೆ ಈಗಲೇ ಹೋಗಲಿ, ಈಗ ಮೈಯಲ್ಲಿ ಶಕ್ತಿ ಇದೆ, ಏರ್‌ಲೈನಿಗೆ ನಾನು ಪತ್ರ ಕೊಡುತ್ತೇನೆ, ಏಪ್ರಿಲ್ ದಾಟಿದರೆ ಕಷ್ಟ ಎಂದು. ಅದನ್ನು ಕನ್ನಡಕ್ಕೆ ತರಲೇ ಇಲ್ಲ ನಾನು.

ಹೋಗಬೇಕು. ಬಾಟಲಿ ಕಾರಿನಲ್ಲೂ ಇಲ್ಲ.

ಮಾರ್ಚ್ ೧೫, ಶುಕ್ರವಾರ

ಬೆಳಗಾವಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ. ಚಂದ್ರಹಾಸ ಮೊದಲು ಅತ್ತ, ಆಮೇಲೆ ಹಿರಿಯ ಮಗನಾದ. "ಅವ್ವಗ ಹೇಳಬ್ಯಾಡ. ಧೈರ್ಯ ಕಳಕೊಂಡ್ರ ನಾಳೆನ ಮಲಗ್ತಾಳ. ಅಪ್ಪಗ ಹೇಳಿದ್ವೇನ?"

ಹೇಳಿರಲಿಲ್ಲ. ಅಪ್ಪ — ನಾಗಪ್ಪ ಮಾಸ್ತರು — ಕೊನೆಯ ದಿನದವರೆಗೆ ಅಲ್ಸರ್ ಎಂದೇ ನಂಬಿದ್ದರು. ಅಜ್ಜಿಗೆ ಶೀತ ಎಂದಿದ್ದೆವು. ನಮ್ಮ ಮನೆಯಲ್ಲಿ ಯಾರೂ ತಮ್ಮ ರೋಗದ ಹೆಸರು ಕೇಳಿಕೊಂಡು ಸತ್ತಿಲ್ಲ. ಹಾಗೇ ನಡೆದು ಬಂದಿದೆ.

ಚನ್ನವೀರನದು ಬೇರೆ ರಾಗ. ಬಂದರಿನ ಕ್ರೇನುಗಳ ಇಂಜಿನಿಯರ್, ಎಲ್ಲದಕ್ಕೂ ಮ್ಯಾನುಯಲ್ ಬೇಕು ನನ್ನ ಗಂಡನಿಗೆ. "ಅತ್ತಿಯವ್ರ ಜೀವ ಅದು, ವಚನಾ. ಅವ್ರಿಗೆ ಗೊತ್ತಾಗಬೇಕು. ಇದು ನಿನ್ನ ಪ್ಯಾಕ್‌ಹೌಸ್ ಅಲ್ಲ."

ನಿಮ್ಮ ತಾಯಿ ಆಗಿದ್ದರೆ ಹೇಳುತ್ತಿದ್ದಿರಾ ಎಂದೆ. ತಟ್ಟೆ ಎತ್ತಿಕೊಂಡು ಎದ್ದುಹೋದ. ಗೆದ್ದೆ ಅನ್ನಿಸಲಿಲ್ಲ.

ಮಾರ್ಚ್ ೨೪, ರವಿವಾರ

ಕಿವಿಹಣ್ಣಿನ ಸೀಸನ್ ಶುರು. ಪ್ಯಾಕ್‌ಹೌಸಿನಲ್ಲಿ ಉಸಿರಾಡಲು ಪುರಸೊತ್ತಿಲ್ಲ, ಕ್ವಾಲಿಟಿ ವಿಭಾಗ ಪೂರ್ತಿ ನನ್ನ ತಲೆಯ ಮೇಲೆ. ಒಳ್ಳೆಯದೇ ಆಯಿತು.

ಮಧ್ಯಾಹ್ನ ಅವ್ವ ನಮಗೆ ಚಿಕ್ಕಮ್ಮನಂತಿರುವ ಧಾರವಾಡದ ಕಾತ್ಯಾಯಿನಿ ಮಾವಶಿ ಜೊತೆ ವಾಟ್ಸಾಪ್ ವಿಡಿಯೋದಲ್ಲಿ. ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ಸತ್ತು ಮಣ್ಣಾದ ನಟಿಯೊಬ್ಬಳ ನಾಲ್ಕನೇ ಗಂಡನ ಬಗ್ಗೆ ಜಗಳ. "ಆಕಿ ಅಂವನ್ನ ಬಿಟ್ಟಿದ್ದು." "ಅಲ್ಲವಾ, ಅಂವ ಆಕೀನ್ನ ಬಿಟ್ಟಿದ್ದು. ಟೊಪಗಿ ಬಾಯಿ ಬರದಿದ್ಲು, ಮರ್ತಿ?" ಆಮೇಲೆ ಮಾವಶಿ ಕೇಳಿದರು, "ಯಾವಾಗ ಬರ್ತಿ? ಒಳಗಿನ ಖೋಲಿಗೆ ಸುಣ್ಣಾ ಹಚ್ಚಸೇನಿ." ಅವರಿಗೆ ಮೊಣಕಾಲು ಹೋಗಿದೆ. ಅವರು ಇತ್ತ ಬರುವ ಮಾತೇ ಇಲ್ಲ.

ಫೋನ್ ಇಟ್ಟ ಮೇಲೆ ಅವ್ವ ಸೀದಾ ಕೇಳಿದಳು. "ಬಸವ ಜಯಂತಿಗೆ ಧಾರವಾಡದಾಗ ಇರಬೇಕವಾ ನಾ. ಟಿಕೀಟ ಮಾಡು. ಮತ್ತೇನ ಬ್ಯಾಡ ನನಗ. ಆಕಿ ಕೂಡ ಒಂದ ತಿಂಗಳ ಕುಂತ ಬರ್ತೇನಿ."

"ಡಾಕ್ಟರ್ ಬ್ಯಾಡ ಅಂದಾರ ಅವ್ವಾ. ಇಷ್ಟ ದೂರ ವಿಮಾನದಾಗ ಕುಂದ್ರಬಾರ್ದಂತ. ಜೂನಿಗೆ ಬರೂ ಇಲ್ಲೀ ಚಳಿಗಾಲ ಮುಗೀಲಿ."

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಡಾಕ್ಟರ್ ಹೇಳಿದ್ದರ ಪೂರಾ ಉಲ್ಟಾ. ಅವ್ವ ನನ್ನ ಮುಖ ನೋಡಿದಳು. "ಡಾಕ್ಟರ್ ಅಂದ್ರ ಮುಗೀತು ಬಿಡು" ಎಂದು ಬಟ್ಟೆ ಮಡಚಲು ಕೂತಳು.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ಅವ್ವನ ಧೈರ್ಯ ಹೋಗುತ್ತದೆ ಎಂಬುದೆಲ್ಲ ಅಣ್ಣನ ಮಾತು. ಅವ್ವ ಅಲ್ಲಿಗೆ ಹೋದರೆ ವಾಪಸು ಬರುವುದಿಲ್ಲ, ನನಗೆ ಗೊತ್ತು. ಸೀಸನ್ ಬಿಟ್ಟು ನಾನು ಜೊತೆಗೆ ಹೋಗಲಾರೆ. ನನಗೆ ಅವ್ವ ಇಲ್ಲೇ ಬೇಕು, ನನ್ನ ಕಣ್ಣ ಮುಂದೆ.

ಏಪ್ರಿಲ್ ೧೩, ಶನಿವಾರ

ಕೂಟದ ಯುಗಾದಿ. ಬೇಡ ಎಂದರೂ ಅವ್ವ ಹೊರಟಳು. ಇಳಕಲ್ ಸೀರೆ ಸರಿ, ಕುಪ್ಪಸ ಮಾತ್ರ ಭುಜದಿಂದ ಜಾರುತ್ತಿತ್ತು. ಆ ತೋಳು ನೋಡಿ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಬರುವಷ್ಟರಲ್ಲಿ ನಿಶಾ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಕುಪ್ಪಸವನ್ನು ಬೆನ್ನ ಹಿಂದೆ ಬಿಗಿದಿದ್ದಳು. ಸ್ಟುಡಿಯೋಗಳಲ್ಲಿ ಫೋಟೋ ತೆಗೆಯುವಾಗ ಹೀಗೇ ಮಾಡುತ್ತಿದ್ದರಂತೆ. ಅವ್ವನಿಗೆ ನಗು. "ಮುಂದ ಕ್ಯಾಮೆರಾ, ಹಿಂದ ಚಿಮಟಾ. ಎಲ್ಲಾರ್ದೂ ಇಷ್ಟ ಐತಿ ಬಾಳೇವು." ಮೇಲೆ ಸೆರಗು ಹೊದ್ದು ರಾಣಿಯ ಹಾಗೆ ಕಾರು ಹತ್ತಿದಳು.

ಸಭಾಂಗಣದಲ್ಲಿ ಕೂಟದ ಹಿರಿಯ ಸದಸ್ಯ ಉದಯಶಂಕರ್ ಅಂಕಲ್ ಅವರ ಹೆಂಡತಿ ಬೇವು-ಬೆಲ್ಲ ಕೊಡುತ್ತ ಕೇಳಿದರು. ಮೈಸೂರಿನವರು, ಮಾತಿಗೆ ಬೆಣ್ಣೆ ಸವರಿಯೇ ಕೊಡುವುದು. "ಏನ್ರೀ ವಚನಾ, ಅಮ್ಮ ತುಂಬಾ ಇಳ್ದೋಗಿದಾರಲ್ಲ? ಎಲ್ಲಾ ಚೆಕ್ ಮಾಡ್ಸಿದೀರಾ ತಾನೆ?"

"ಸಕ್ಕರೆ ಬಿಟ್ಟಿದಾರೆ ಆಂಟಿ, ಅದಕ್ಕೆ" ಎಂದೆ. ಆಗಲೇ ಅವ್ವ ಅವರ ಎದುರಿಗೇ ಎರಡನೇ ಹೋಳಿಗೆ ಕೇಳಿದಳು. ಬಾಯಿ ಬಿಟ್ಟರೆ ಬಣ್ಣಗೇಡು. ಹೋಳಿಗೆಯಲ್ಲಿ ಒಂದು ತುತ್ತು ಮುರಿದು ಹಾಗೇ ಇಟ್ಟಳು.

ಏಪ್ರಿಲ್ ೨೧, ರವಿವಾರ

ಚನ್ನವೀರನ ಜೊತೆ ಗ್ಯಾರೇಜಿನಲ್ಲಿ ಜಗಳ. ಒಳಗೆ ಕೇಳಬಾರದೆಂದು ಕಾರಿನಲ್ಲಿ ಕೂತು ಗ್ಲಾಸ್ ಏರಿಸಿಕೊಂಡು ಜಗಳವಾಡುವ ಗಂಡ-ಹೆಂಡತಿ ನಾವು.

"ಇನ್ನ ಒಂದ ವಾರ ಅಷ್ಟ ಐತಿ ಕೈಯಾಗ. ಆಮ್ಯಾಲ ಹೋಗ್ತೇನಿ ಅಂದ್ರೂ ಹೋಗಾಕ ಆಗೂದಿಲ್ಲ ಅವ್ರಿಗೆ. ನಾ ಕರ್ಕೊಂಡ ಹೋಗ್ತೇನಿ, ರಜಾ ಐತಿ ನನಗ."

"ಅಲ್ಲಿ ಏನರ ಆದ್ರ?"

"ಇಲ್ಲಿ ಆಗೂದಿಲ್ಲೇನ?"

ಕಾರಿನ ಬಾಗಿಲು ತೆರೆದರೆ ಎದುರಿಗೆ ನಿಶಾ. ಸ್ಯಾಟಿನ್ ಬಟ್ಟೆ ಇಸ್ತ್ರಿ ಮಾಡಲು ಬಂದಿದ್ದಳು. ಎಲ್ಲ ಕೇಳಿದ್ದಾಳೆ. "ಯು ಆರ್ ಲೈಯಿಂಗ್ ಟು ಹರ್, ಮಮ್. ಆ್ಯಬೌಟ್ ಹರ್ ಓನ್ ಬಾಡಿ." ಈಗಲೇ ಹೋಗಿ ಹೇಳುತ್ತೇನೆ ಎಂದು ಹೊರಟಳು. ತಡೆದೆ. ಹೇಳು, ಆಮೇಲೆ ಅಜ್ಜಿ ಊಟ ಬಿಟ್ಟು ಮಲಗಿದರೆ ಅದು ನಿನ್ನಿಂದಲೇ ಅಂತ ತಿಳಿದುಕೋ ಎಂದೆ. ಹದಿನೇಳು ವರ್ಷದ ಮಗುವಿಗೆ ಹಾಗೆ ಹೇಳಬಾರದಿತ್ತು. ಬೆಳ್ಳಗಾದಳು. ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾಳೆ ಟಿಕೆಟ್ ನೋಡುತ್ತೇನೆ. ನೋಡುವುದಕ್ಕೇನು.

ಏಪ್ರಿಲ್ ೨೫, ಗುರುವಾರ. ಇಲ್ಲಿಯ ಯೋಧರ ಸ್ಮರಣೆಯ ಆ್ಯನ್‌ಜ್ಯಾಕ್ ರಜೆ.

ಟಿಕೆಟ್ ನೋಡಲಿಲ್ಲ.

ಮೇ ೪, ಶನಿವಾರ. ಮಧ್ಯಾಹ್ನ.

ಹಿಂದಕ್ಕೆ ಬಾಗುವ ಕುರ್ಚಿಯೊಂದನ್ನು ಮನೆಗೆ ಬಂದು ನೋಡುವ ನರ್ಸ್ ತಂದುಕೊಟ್ಟಿದ್ದಾಳೆ. ಮಲಗಿದರೆ ನೋವು, ಕೂತರೆ ನೋವು ಅವ್ವನಿಗೆ. ಕುರ್ಚಿ ನೋಡಿ ಖುಷಿಪಟ್ಟಳು. "ಇದು ಆ ಒರಗೂ ಹಲಗೀನ ಬಿಡವಾ." ಬಿಗಿ ಗೌನು ಹಾಕಿದ ನಟಿಯರು ಶೂಟಿಂಗ್ ಮಧ್ಯೆ ಕೂರುವ ಹಾಗಿರಲಿಲ್ಲವಂತೆ, ಬಟ್ಟೆ ಮುದುಡುತ್ತದೆಂದು. ಕೈ ಇಡಲು ಜಾಗವಿರುವ ಓರೆ ಹಲಗೆಗೆ ಒರಗಿ ನಿಂತೇ ಇರುತ್ತಿದ್ದರಂತೆ, ಚಹಾ ಕುಡಿಯುವುದೂ ಹಾಗೇ.

ನಿಶಾ ಅಲ್ಲೇ ನೆಲದ ಮೇಲೆ ಕೂತು ಗೌನಿನ ಅಂಚು ಹೊಲಿಯುತ್ತಿದ್ದಳು. ನನ್ನ ಜೊತೆ ಮಾತಿಲ್ಲ, ಅಜ್ಜಿಯ ಜೊತೆ ಮಾತ್ರ. ಬಿಳೀ ಗೌನಿನಾಕಿ ಕೊನೆಗೆ ಏನಾದಳು ಎಂದು ಕೇಳಿದಳು.

"ಆಕಿಗೆ ಜಡ್ಡಾತು. ಸ್ಟುಡಿಯೋದವ್ರು ಪೇಪರಿನ್ಯಾಗ ಹಾಕ್ಸಿದ್ರು, ನಿಶ್ಶಕ್ತಿ, ರೆಸ್ಟ್ ತಗೊಳಾಕತ್ಯಾಳ ಅಂತ. ಟೊಪಗಿ ಬಾಯಿಗೆ ಗೊತ್ತಿತ್ತು, ಆಕೀನೂ ಬರೀಲಿಲ್ಲ."

"ಡಿಡ್ ಶೀ ನೋ? ಹರ್‌ಸೆಲ್ಫ್?"

ಅವ್ವ ಅಂಚಿನ ಹೊಲಿಗೆ ನೋಡಿ, ದಾರ ಬಿಗಿ ಆಯಿತು, ಸಡಿಲ ಬಿಡು ಎಂದಳು. ನಾನು ಗಂಜಿ ಬಿಸಿಗಿಡುವ ನೆಪದಲ್ಲಿ ಎದ್ದೆ.

ಮೇ ೨೨, ಬುಧವಾರ. ಆಸ್ಪತ್ರೆ.

ಬರೆಯಲು ಆಗಿರಲಿಲ್ಲ.

ಬಸವ ಜಯಂತಿ ಹೋಯಿತು. ಮಾವಶಿ ಮೆರವಣಿಗೆಯನ್ನು ಫೋನಿನಲ್ಲಿ ತೋರಿಸಿದರು. ಅವ್ವ ಕುರ್ಚಿಯಲ್ಲಿ ಒರಗಿಕೊಂಡೇ ಕೈಮುಗಿದಳು. ಆಮೇಲೆ ಆ ಸುಣ್ಣ ಹಚ್ಚಿದ ಖೋಲಿ ತೋರಿಸೆಂದಳು. ಮಾವಶಿ ಕೋಲೂರಿಕೊಂಡು ಹೋಗಿ ತೋರಿಸಿದರು. ಮಂಚ, ಹೊಸ ಚಾದರ.

ಆಮೇಲಿನ ವಾರ ಹೊಟ್ಟೆಯಲ್ಲಿ ನೀರು ತುಂಬಿತು. ಪುಪ್ಪುಸದಲ್ಲೂ. ಈಗ ಆಕ್ಸಿಜನ್. ಅದೇ ಡಾಕ್ಟರ್ ಬಂದಿದ್ದಳು. ನನ್ನನ್ನು ಕಾರಿಡಾರಿಗೆ ಕರೆದು, ಇನ್ನು ವಿಮಾನ ಸಾಧ್ಯವಿಲ್ಲ, ಮಾರ್ಚ್‌ನಲ್ಲಿ ಹೋಗಿ ಬಂದರಾ ಎಂದು ಕೇಳಿದಳು. ಇಲ್ಲ, ಅವಳಿಗೇ ಇಷ್ಟವಿರಲಿಲ್ಲ ಎಂದೆ. ನನ್ನ ಭುಜ ಮುಟ್ಟಿ ಹೋದಳು. ನನ್ನ ಬಾಯಿಗೆ ಹುಳ ಬೀಳಬೇಕು.

ಸೀಸನ್ ಮುಗಿಯುತ್ತ ಬಂತು. ಈಗ ರಜೆ ಬೇಕಾದಷ್ಟು ಇದೆ.

ಜೂನ್ ೮, ಶನಿವಾರ

ಅವ್ವ ಮನೆಗೆ ಬಂದಿದ್ದಾಳೆ. ಮನೆಯಲ್ಲೇ ಇರಲಿ ಎಂದಿದ್ದಾರೆ. ನಡುಮನೆಯಲ್ಲಿ ಬೆಡ್, ಮೂಗಿಗೆ ನಳಿಗೆ.

ಬೆಳಿಗ್ಗೆ ತಲೆ ಬಾಚುತ್ತಿದ್ದೆ. ಕೂದಲು ಬಾಚಣಿಗೆಗೇ ಬರುತ್ತಿತ್ತು. ಈ ನಿಶ್ಶಕ್ತಿ ಒಂದು ಕಡಿಮೆಯಾದರೆ ಎಂದು ಏನೋ ಶುರುಮಾಡಿದೆ.

"ಸಾಕ ಬಿಡವಾ ವಚನಾ. ನನಗ ಮೊದಲ್ನೇ ದಿನಾನ ಗೊತ್ತಾಗೇತಿ."

ಬಾಚಣಿಗೆ ಅಲ್ಲೇ ನಿಂತಿತು.

"ಡಾಕ್ಟರ್ ಹುಡಿಗಿ ಅಷ್ಟುದ್ದ ಹೇಳಿದ್ಲು, ನೀ ಇಷ್ಟ ಹೇಳಿದಿ. ಮೂವತ್ತ ವರ್ಷ ಟ್ರಂಕ್ ಕಾಲ್ ಕೂಡಿಸ್ದಾಕಿ ನಾ. ನಡುವ ಮಾತ ನುಂಗಿದ್ರ ಗೊತ್ತಾಗೂದಿಲ್ಲೇನ? ಮ್ಯಾಲ ನಿಶ್ಶಕ್ತಿ ಅಂದಿ. ಸ್ಟುಡಿಯೋದವ್ರು ಎಲ್ಲಾರಿಗೂ ಅದನ್ನ ಅಂತಿದ್ರು. ಬಸರಾದ್ರೂ ನಿಶ್ಶಕ್ತಿ, ಕುಡದ ಬಿದ್ರೂ ನಿಶ್ಶಕ್ತಿ, ಸಾಯಾಕ ಬಿದ್ರೂ ನಿಶ್ಶಕ್ತಿ. ನಾ ಮತ್ತ ಕಾತ್ಯಾಯಿನಿ ಓದಿ ಓದಿ ನಕ್ಕೇವಿ."

ನಕ್ಕಳು. ಕೆಮ್ಮು ಬಂತು. ನೀರು ಕುಡಿಸಿದೆ.

"ಮತ್ತ ಯಾಕ ಸುಮ್ಮನಿದ್ದಿ ಅವ್ವಾ?"

"ಹೇಳಿದ್ರ ನೀ ಅಳ್ತಿದ್ದಿ. ನಾ ಸಮಾಧಾನ ಮಾಡಬೇಕಾಗ್ತಿತ್ತು. ಅಷ್ಟ ತ್ರಾಣ ಇರಲಿಲ್ಲ ನನಗ. ಆಡ್ಲಿ, ಆಟ ಆಡಿ ದಣೀಲಿ ಅಂತ ಬಿಟ್ಟೆ."

ಅವಳ ಹೊಟ್ಟೆಗೆ ತಾಗದ ಹಾಗೆ ತಲೆಯಿಟ್ಟು ಅತ್ತೆ. ಸಣ್ಣವಳಿದ್ದಾಗ ಅತ್ತ ಹಾಗೆ, ಸದ್ದು ಮಾಡಿ. ನಿಶಾ ಓಡಿ ಬಂದಳು, ಅರ್ಥವಾಯಿತು, ನನ್ನ ಬೆನ್ನಿನ ಮೇಲೆ ಬಿದ್ದು ಅವಳೂ ಅತ್ತಳು. ಎಷ್ಟೋ ವಾರದ ಮೇಲೆ ನನ್ನನ್ನು ಮುಟ್ಟಿದಳು. ಅವ್ವ ಮಾತ್ರ, "ನನ್ನ ಮ್ಯಾಲ ಬೀಳಬ್ಯಾಡ್ರಿ, ನಳಿಗಿ ಕಿತ್ತೀತು" ಅನ್ನುತ್ತಿದ್ದಳು.

ಮೂರು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು. ಎರಡು ರೊಟ್ಟಿ ತಿಂದೆ. ಚನ್ನವೀರನಿಗೆ, ಅವ್ವ ಎಲ್ಲ ಕ್ಷಮಿಸಿದಳು ಎಂದೆ. ಅವನು, "ಎಲ್ಲಾನೂ?" ಎಂದು ಕೇಳಿದ. ಯಾಕೆ ಹಾಗೆ ಕೇಳಿದಿರಿ ಎಂದು ನಾನು ಕೇಳಲಿಲ್ಲ.

ಜೂನ್ ೯, ರವಿವಾರ. ಸಂಜೆ, ಅಡುಗೆಮನೆ.

ನಿಶಾ ಗೌನು ತೊಟ್ಟು ತೋರಿಸಿದಳು. ಬಾಲ್ ಇನ್ನೂ ಮುಂದಿನ ವಾರ, ಆದರೂ ಇವತ್ತೇ. ಚೆನ್ನಾಗಿ ಕೂತಿದೆ. ಅವ್ವ ಒಂದು ಸುತ್ತು ತಿರುಗಿಸಿ, ಹಿಂದೆ ಕ್ಲಿಪ್ಪುಗಳಿವೆಯೇ ಎಂದು ನೋಡಿ, ಇಲ್ಲದ್ದಕ್ಕೆ ಶಾಭಾಸ್ ಎಂದಳು.

ಆಮೇಲೆ ಮಾವಶಿಗೆ ವಿಡಿಯೋ. ಅವ್ವ ತಾನೇ ಹೇಳಿದಳು, ಹೆಸರು ಸಮೇತ. ಅಲ್ಲಿ ಮಾವಶಿ ಸೆರಗು ಬಾಯಿಗಿಟ್ಟುಕೊಂಡರು. ನಾನು ಫೋನ್ ಹಿಡಿದು ನಿಂತಿದ್ದೆ.

"ನಿನ್ನ ಕೂಡ ಒಂದ ತಿಂಗಳ ಕುಂದ್ರಬೇಕಂತ ಭಾಳ ಇತ್ತವಾ ಕಾತ್ಯಾಯಿನಿ. ಡಾಕ್ಟರ್ ಬ್ಯಾಡ ಅಂದ್ಬಿಟ್ರು. ವಚನಾನ ಮ್ಯಾಲ ಸಿಟ್ಟಾಗಬ್ಯಾಡ. ಜಡ್ಡಿನ ಹೆಸರ ಮುಚ್ಚಿಟ್ಲು, ಮುಚ್ಚಿಡ್ಲಿ. ಹೋಗಾಕ ಬರೂಹಂಗಿದ್ರ ಕಳಿಸೇ ಕಳಸ್ತಿದ್ಲು ನನ್ನ ಮಗಳು."

ಬಾಗಿಲ ಹತ್ತಿರ ನಿಶಾ ನನ್ನನ್ನೇ ನೋಡುತ್ತಿದ್ದಳು, ಆ ಬಿಳಿ ಗೌನಿನಲ್ಲೇ. ಏನೂ ಹೇಳಲಿಲ್ಲ. ಹೇಳಬೇಡ ಎಂದು ಕಲಿಸಿದವಳು ನಾನೇ.

ಫೋನ್ ಇಟ್ಟ ಮೇಲೆ ಅವ್ವ ಕಣ್ಣು ಮುಚ್ಚಿದಳು. ನಿದ್ದೆ ಹೋದಳೆಂದುಕೊಂಡೆ. ಕಣ್ಣು ತೆರೆಯದೆಯೇ ಕೇಳಿದಳು.

"ಆವಾಗ ನಾ ಚಲೋತ್ನಂಗ ನಡದಾಡ್ತಿದ್ದೆಲ್ಲ ವಚನಾ. ಯಾಕ ಬ್ಯಾಡ ಅಂದ್ರವಾ ಅವ್ರು? ಏನಂದ್ರು? ಈಗರ ಪೂರ್ತಿ ಹೇಳು, ಅವ್ರ ಅಂದಂಗ."

"ಚಹಾ ಮಾಡ್ಕೊಂಡ ಬರ್ತೇನಿ ಅವ್ವಾ" ಎಂದು ಎದ್ದು ಬಂದೆ.

ಅವಳು ಚಹಾ ಬಿಟ್ಟು ತಿಂಗಳಾಯಿತು. ಎಲೆಕ್ಟ್ರಿಕ್ ಜಗ್ಗಿನಲ್ಲಿ ನೀರು ಕುದಿದು, ಜಗ್ ತಾನೇ ಆಫ್ ಆಗಿದೆ. ಹೂಂ ಅವ್ವಾ, ಬೇಡ ಅಂದಿದ್ದರು ಎಂದರೆ ಮುಗಿಯಿತು, ನೆಮ್ಮದಿಯಿಂದ ಹೋಗುತ್ತಾಳೆ. ಆದರೆ ಈ ಸಲ ಕೇಳುತ್ತಿದ್ದಾಳೆ. ಬಾಯಿ ಬಿಟ್ಟು ಕೇಳುತ್ತಿದ್ದಾಳೆ.

ಕರೆಯುತ್ತಿದ್ದಾಳೆ. ನಿಶಾಳನ್ನಲ್ಲ, ನನ್ನನ್ನು.

ಹೋಗುತ್ತೇನೆ. ಹೋಗಿ ಪಕ್ಕದಲ್ಲಿ ಕೂತು, ಅವ್ವಾ, ಡಾಕ್ಟರ್ ಅಂದದ್ದು —